ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ

ಪತ್ತೇದಾರಿ ಧಾರಾವಾಹಿಯನ್ನು ಹದಿನಾಲ್ಕು ಹದಿನೈದರ ಮಕ್ಕಳು ನೋಡಬಹುದೇ ಎಂಬ ವಿಷಯಕ್ಕೆ ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಕಡೆಯ ಬೀದಿಗಳಲ್ಲಿ ಎರಡು ಪಕ್ಷಗಳಾಗಿದ್ದವು. ಒಂದು ಪಕ್ಷದಲ್ಲಿ ಟೀವಿ ಇದ್ದ ಮನೆಯ ಮೇಡಂ ಒಬ್ಬರೇ. ಇನ್ನೊಂದರಲ್ಲಿ ನಮ್ಮಪ್ಪನೂ ಸೇರಿ ಉಳಿದವರೆಲ್ಲ. ನಾನು ಆಗ ಒಂಬತ್ತನೇ ಕ್ಲಾಸು, ನನ್ನನ್ನು ಯಾರೂ ಕೇಳಲಿಲ್ಲ. ಈಗ ಯಾರಾದರೂ ಕೇಳಿದರೆ ತಟ್ಟನೆ ಹೌದು ಅನ್ನಲೂ ಆಗುವುದಿಲ್ಲ, ಇಲ್ಲ ಅನ್ನಲೂ ಆಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಮನೆ ಮಾಲೂರಿನ ಅಂಚಿನಲ್ಲಿತ್ತು. ಮುಂಬಾಗಿಲು ಬೀದಿಗೆ, ಹಿತ್ತಲ ಬಾಗಿಲು ರೇಷ್ಮೆ ಸೊಪ್ಪಿನ ತೋಟಕ್ಕೆ. ತೋಟದಾಚೆ ಇಟ್ಟಿಗೆ ಗೂಡುಗಳು. ಗಾಳಿ ನಮ್ಮ ಕಡೆ ತಿರುಗಿದರೆ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಇನ್ನೊಂದು ಸಲ ಒಗೆಯಬೇಕು. ಮೇಡಂ ಮನೆ ಎರಡು ಬೀದಿ ಆಚೆ. ಅವರು ನಮ್ಮ ಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಅವರ ಯಜಮಾನರು ದಿನಾ ರೈಲಿನಲ್ಲಿ ಬೆಂಗಳೂರಿನ ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಟೀವಿ ತಂದವರು ಅವರೇ. ಗುರುವಾರ ಸಾಯಂಕಾಲ ಮೇಡಂ ನಡುಮನೆಯಲ್ಲಿ ಚಾಪೆ ಹಾಸಿ, ಚಪ್ಪಲಿಗಳನ್ನು ಹೊರಗೆ ಸಾಲಾಗಿ ಬಿಡಿಸಿ, ಕಾಲು ತೊಳೆಸಿ ನಮ್ಮನ್ನೆಲ್ಲ ಒಳಗೆ ಬಿಡುತ್ತಿದ್ದರು.

ಆ ಧಾರಾವಾಹಿಯ ಕಥೆ ನಡೆಯುವುದು ನಮ್ಮಂಥದೇ ಒಂದು ಸಣ್ಣ ಊರಿನಲ್ಲಿ. ಒಂದು ಬಸ್ ಸ್ಟ್ಯಾಂಡು, ಒಂದು ಸಂತೆ ಮೈದಾನ, ಒಬ್ಬರ ಮನೆಯ ಸಾರಿನ ವಾಸನೆ ಇನ್ನೊಬ್ಬರ ಮನೆಗೆ ಬರುವಂಥ ಬೀದಿಗಳು. ಕೆಲಸದಿಂದ ನಿವೃತ್ತನಾದ ಪೋಸ್ಟ್‌ಮ್ಯಾನ್ ಒಬ್ಬ ಅಲ್ಲಿ ಪತ್ತೇದಾರ. ಅವನ ಹತ್ತಿರ ಪಿಸ್ತೂಲು ಇಲ್ಲ, ಕಾರಿಲ್ಲ, ಭೂತಗನ್ನಡಿಯೂ ಇಲ್ಲ. ಮೂವತ್ತು ವರ್ಷ ಮನೆಮನೆ ಬಾಗಿಲು ಬಡಿದವನಾದ್ದರಿಂದ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ದಿನ ಎಣ್ಣೆ ನೀರು ಹಾಕಿಕೊಳ್ಳುತ್ತಾರೆ ಎಲ್ಲ ಗೊತ್ತು. ಯಾರಾದರೂ ದಿನದ ಕ್ರಮ ತಪ್ಪಿದರೆ ಅವನಿಗೆ ಅಷ್ಟೇ ಸಾಕು. ಪ್ರತಿ ಕಂತಿನ ಕೊನೆಗೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಎದ್ದು ನಿಂತು, ಒಂದೊಂದೇ ಗುಟ್ಟು ಬಿಚ್ಚುತ್ತ ಬಂದು ಬೆರಳು ತೋರಿಸುತ್ತಿದ್ದ. ತಪ್ಪು ಮಾಡಿದವರು ತಲೆ ತಗ್ಗಿಸುತ್ತಿದ್ದರು. ಚಾಪೆಯ ಮೇಲೆ ಕೂತ ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಅಪ್ಪನಿಗೆ ಇದು ಹಿಡಿಸಲಿಲ್ಲ. "ವಯಸ್ಸಿಗೆ ಬಂದ ಹುಡ್ಗಿ, ಕಳ್ಳತನ ಮೋಸ ಎಲ್ಲಾ ನೋಡ್ಕೊಂಡು ಕೂತ್ಕೊಂಡ್ರೆ ಏನಾಗ್ತಾಳೆ?" ಎಂದು ಮೇಡಂ ಅವರ ಜಗುಲಿಯ ತನಕ ಹೋಗಿ ಕೇಳಿ ಬಂದರು. ಮೇಡಂ ಬಿಟ್ಟುಕೊಡುವವರಲ್ಲ. "ಬುದ್ಧಿ ಚುರುಕಾಗುತ್ತೆ ಯಜಮಾನ್ರೇ. ಸೂಕ್ಷ್ಮ ನೋಡೋದು ಕಲೀತಾರೆ. ಸುಮ್ನೆ ಹಾಡು ಕುಣಿತ ನೋಡೋದಕ್ಕಿಂತ ಇದು ಎಷ್ಟೋ ವಾಸಿ" ಎಂದರಂತೆ. ಅಪ್ಪ ಮನೆಗೆ ಬಂದು, ಅವಳು ಓದಿದವಳು, ಮಾತಿಗೆ ನಿಂತರೆ ಗೆಲ್ಲೋಕಾಗಲ್ಲ ಎಂದು ಗೊಣಗಿದರು. ನನ್ನನ್ನು ಮಾತ್ರ ಕಳಿಸಲಿಲ್ಲ.

ನನ್ನ ಪರವಾಗಿ ಮಾತಾಡಿದವರು ಅತ್ತಿಗೆ. ಅಣ್ಣನ ಹೆಂಡತಿ, ಶ್ರೀನಿವಾಸಪುರದ ಕಡೆಯವರು. ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ನನಗಿಂತ ಐದೇ ವರ್ಷಕ್ಕೆ ದೊಡ್ಡವರು. ಕನ್ನಡ ಮಾತಾಡಿದರೂ ರಾಗವೆಲ್ಲ ತೆಲುಗಿನದು, ಮಾತಿನ ಕೊನೆಯನ್ನು ಎತ್ತಿ ನಿಲ್ಲಿಸುತ್ತಿದ್ದರು. ನಾನು ಅದನ್ನು ಆಡಿಕೊಂಡರೆ ನಗುತ್ತಿದ್ದರೇ ಹೊರತು ಸಿಟ್ಟಾಗುತ್ತಿರಲಿಲ್ಲ. "ನಾನು ಜೊತೇಲಿ ಹೋಗ್ತೀನಿ ಮಾವ. ಮುಗೀತಿದ್ದಂಗೆ ಕರ್ಕೊಂಡ್ ಬಂದ್ಬಿಡ್ತೀನಿ. ಅರ್ಧ ಗಂಟೆ ಅಷ್ಟೇ" ಎಂದು ಅಪ್ಪನ ಮುಂದೆ ನಿಂತು ಕೇಳಿದರು. ನಮ್ಮ ಮನೆಯಲ್ಲಿ ಅವರು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪ ಹೂಂ ಅಂದರು.

ಹೀಗೆ ನಾವಿಬ್ಬರೂ ಗುರುವಾರದ ಜೋಡಿಯಾದೆವು. ನೋಡುತ್ತಲೇ ಪಿಸುಮಾತಿನಲ್ಲಿ ಯಾರು ಕಳ್ಳ ಎಂದು ಪಂದ್ಯ ಕಟ್ಟುತ್ತಿದ್ದೆವು. ನಾನು ಹೆಚ್ಚಾಗಿ ಗೆಲ್ಲುತ್ತಿದ್ದೆ. ಅತ್ತಿಗೆ ಯಾವಾಗಲೂ ಕಳ್ಳನಿಗೆ ಒಂದು ಕಾರಣ ಹುಡುಕುತ್ತಿದ್ದರು. "ಪಾಪ ಕಣೇ, ಅವಳಿಗೂ ಏನೋ ಇರುತ್ತೆ" ಅನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ಹೀಗೆ ಯೋಚಿಸಿದರೆ ಇವರು ಯಾವ ಜನ್ಮಕ್ಕೂ ಪತ್ತೇದಾರಿ ಮಾಡಲಾರರು ಎಂದುಕೊಳ್ಳುತ್ತಿದ್ದೆ.

ಅತ್ತಿಗೆಯ ಕಷ್ಟ ಒಂದೇ. ಮಕ್ಕಳಾಗಿರಲಿಲ್ಲ. ಎರಡು ವರ್ಷ ಹೆಚ್ಚಲ್ಲ ಎಂದು ಈಗ ಅನ್ನಬಹುದು. ನಮ್ಮಜ್ಜಿಗೆ ಅದು ಹೆಚ್ಚೇ ಆಗಿತ್ತು. ಅಪ್ಪನ ತಾಯಿ, ಮನೆಯ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವಳು. ನಮ್ಮಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಆಚೆ ಕೂರಬೇಕು. ಅದಕ್ಕೆಂದು ಜಗುಲಿಯ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಅದರ ಬಾಗಿಲು ಬೀದಿಗೆ. ಅಲ್ಲಿ ಕೂತವಳನ್ನು ಹಾಲಿಗೆ ಹೋಗುವವರು, ನಲ್ಲಿಗೆ ಹೋಗುವವರು ಎಲ್ಲ ನೋಡುತ್ತಿದ್ದರು. "ಏನಮ್ಮಾ, ಈ ಸಲಾನೂ ಆಚೇನಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ನಾನು ಕೂತರೆ, ಅಮ್ಮ ಕೂತರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅತ್ತಿಗೆ ಕೂತಾಗ ಮಾತ್ರ ಇಡೀ ಬೀದಿ ಲೆಕ್ಕ ಹಾಕುತ್ತಿತ್ತು. ಅಜ್ಜಿ ಆ ಮೂರು ದಿನ ಅತ್ತಿಗೆಯ ಮುಖ ನೋಡುತ್ತಿರಲಿಲ್ಲ. ಬರುವ ಯುಗಾದಿಯ ತನಕ ನೋಡುತ್ತೇನೆ, ಆಮೇಲೆ ನನ್ನ ಮೊಮ್ಮಗನಿಗೆ ಇನ್ನೊಂದು ಸಂಬಂಧ ನೋಡುತ್ತೇನೆ ಎಂದು ಅಡುಗೆಮನೆಗೆ ಕೇಳಿಸುವಂತೆ ಹೇಳುತ್ತಿದ್ದಳು. ಅಣ್ಣ ಎದುರು ಮಾತಾಡುವವನಲ್ಲ. ಸೈಕಲ್ ಹತ್ತಿ ಪೇಟೆಗೆ ಹೋಗಿಬಿಡುತ್ತಿದ್ದ.

ಆಚೆ ಕೂರುವ ದಿನಗಳನ್ನು ಗುರುತು ಮಾಡಿಡುವ ಕೆಲಸ ನನ್ನದು. ನಗಬೇಡಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಅದು ಬೇಕಾಗುತ್ತಿತ್ತು. ಆಚೆ ಕೂತವರು ಹುಳುಮನೆಯ ಹೊಸ್ತಿಲು ದಾಟುವ ಹಾಗಿಲ್ಲ, ದಾಟಿದರೆ ಹುಳು ಕೆಡುತ್ತದೆ ಎಂದು ನಂಬಿಕೆ. ನಾಲ್ಕನೇ ಜ್ವರ ಎದ್ದ ಮೇಲೆ, ಎಂದರೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಅದರ ಹೊಟ್ಟೆಗೆ ಹಾಕಿ ಪೂರೈಸುವುದಿಲ್ಲ. ಮನೆಯ ಎಲ್ಲರ ಕೈಯೂ ಬೇಕು. ಆ ವಾರದಲ್ಲಿ ಯಾರೂ ಆಚೆ ಕೂರದಂತೆ ಲೆಕ್ಕ ಮಾಡಿಯೇ ಅಜ್ಜಿ ಮೊಟ್ಟೆ ತರಿಸುತ್ತಿದ್ದಳು. ಅವಳಿಗೆ ಓದು ಬರದು. ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಅಮ್ಮನಿಗೆ ಒಂದು ಸೊನ್ನೆ, ಅತ್ತಿಗೆಗೆ ಒಂದು ಗೆರೆ, ನನಗೆ ಒಂದು ಚುಕ್ಕೆ ಹಾಕಿಡುತ್ತಿದ್ದೆ.

ಧಾರಾವಾಹಿ ಶುರುವಾದ ಮೇಲೆ ಈ ಲೆಕ್ಕ ನನ್ನ ನೋಟ್‌ಬುಕ್ಕಿಗೂ ಬಂತು. ಯಾರು ಯಾವಾಗ ಬಂದರು, ಯಾವ ಚಪ್ಪಲಿ ಎಲ್ಲಿ ಬಿಟ್ಟರು, ಅಣ್ಣನ ಸೈಕಲ್ಲಿನ ಗಾಲಿಗೆ ಕೆಂಪು ಮಣ್ಣೋ ಇಟ್ಟಿಗೆ ಗೂಡಿನ ಬೂದಿಯೋ ಎಲ್ಲ ಬರೆದಿಡುತ್ತಿದ್ದೆ. ಅಜ್ಜಿಯ ಎಲೆಅಡಿಕೆ ಚೀಲ ಕಳೆದಾಗ ಹೀಗೇ ಲೆಕ್ಕ ಹಾಕಿ ಹುಲ್ಲಿನ ಮೆದೆಯ ಹತ್ತಿರ ಇದೆ ಎಂದು ಹೇಳಿದೆ, ಅಲ್ಲೇ ಇತ್ತು. ಅಜ್ಜಿ ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಧಾರಾವಾಹಿಯನ್ನು ಬೈಯುತ್ತಿದ್ದ ಅಪ್ಪನೂ ಪಕ್ಕದ ಮನೆಯವರ ಹತ್ತಿರ "ನನ್ ಮಗಳು ಪೊಲೀಸಾಗ್ತಾಳೆ ಕಣ್ರೀ" ಎಂದು ಕೊಚ್ಚಿಕೊಂಡರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆ ಸಲ ಅಜ್ಜಿ ನೂರು ಮೊಟ್ಟೆ, ಎಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಯಷ್ಟು, ಹುಳು ಇಳಿಸಿದಳು. ಹುಳು ಮೇಯಿಸುವ ಬಿದಿರಿನ ತಟ್ಟೆಗಳು ಸಾಲದೆ ಅಣ್ಣ ಟೇಕಲ್ಲಿನ ನೆಂಟರ ಮನೆಯಿಂದ ಒಂದು ಗಾಡಿ ತುಂಬ ತಟ್ಟೆ ತಂದ. ದಿನಗಳ ಲೆಕ್ಕ ಎಷ್ಟು ಹಿಂದೆ ಮುಂದೆ ಮಾಡಿದರೂ ಅತ್ತಿಗೆಯ ಗೆರೆ ಮಾತ್ರ ಕೊನೆಯ ವಾರಕ್ಕೇ ಬರುತ್ತಿತ್ತು. ಆಗಲಿ, ನಿಮ್ಮಮ್ಮ ಇದ್ದಾಳಲ್ಲ ಎಂದು ಅಜ್ಜಿ ಒಪ್ಪಿದಳು. ನಾಲ್ಕನೇ ಜ್ವರ ಏಳುವ ಹೊತ್ತಿಗೆ ಅಮ್ಮ ಸೊಪ್ಪು ಹೆಚ್ಚುವಾಗ ಬಲಗೈ ಹೆಬ್ಬೆರಳಿಗೆ ಕತ್ತಿ ತಾಗಿಸಿಕೊಂಡರು. ಗಾಯ ಆಳವಾಗಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಏನು ಆಗುತ್ತದೋ ಅಷ್ಟು ಮಾಡುತ್ತಿದ್ದರು. ನಾನು ಸ್ಕೂಲಿಗೆ ಹೋಗುವಾಗಲೂ ಬರುವಾಗಲೂ ಅತ್ತಿಗೆ ಹುಳುಮನೆಯಲ್ಲೇ ಇರುತ್ತಿದ್ದರು.

ಗೆರೆ ಹಾಕುವ ದಿನ ಬಂತು. ಅತ್ತಿಗೆ ಆಚೆ ಕೂರಲಿಲ್ಲ. ಮರುದಿನವೂ ಕೂರಲಿಲ್ಲ. ಐದು ದಿನ ಕಳೆದ ಮೇಲೆ ಅಜ್ಜಿ ನನ್ನನ್ನು ಕರೆದು, "ಏನೇ, ಸರಿಯಾಗಿ ನೋಡು, ಗೆರೆ ಇಲ್ಲ ತಾನೇ?" ಎಂದು ಎರಡು ಸಲ ಕೇಳಿದಳು. ಇಲ್ಲ ಎಂದೆ. ಅಜ್ಜಿಯ ಮುಖ ನಾನು ಹಿಂದೆಂದೂ ಕಾಣದಷ್ಟು ಮೆತ್ತಗಾಯಿತು. ಅಂದು ಸಾಯಂಕಾಲ ತನ್ನ ಲೋಟದ ಹಾಲನ್ನು ತಾನೇ ಹಿಡಿದುಕೊಂಡು ಹೋಗಿ ಅತ್ತಿಗೆಯ ಕೈಗೆ ಕೊಟ್ಟಳು. ಸೊಪ್ಪಿನ ಹೊರೆ ಎತ್ತಬೇಡ ಎಂದಳು. ಅತ್ತಿಗೆ ಲೋಟ ಹಿಡಿದುಕೊಂಡು ನಿಂತೇ ಇದ್ದರು. ನಾಚಿಕೆ ಇರಬೇಕು ಎಂದುಕೊಂಡೆ.

ಆಮೇಲೆ ಹುಳು ಕೆಟ್ಟಿತು. ಮೊದಲು ಒಂದು ತಟ್ಟೆಯಲ್ಲಿ ಕೆಲವು ಊದಿಕೊಂಡು, ಅಂಚಿನ ಮೇಲೆ ಹರಿದಾಡತೊಡಗಿದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥದ್ದು ಸೋರುತ್ತಿತ್ತು. ಮೂರೇ ದಿನಕ್ಕೆ ಎಲ್ಲ ತಟ್ಟೆಗೂ ಹಬ್ಬಿತು. ತಿಂಗಳ ಹತ್ತಿರ ಸಾಕಿದ್ದನ್ನು ಅಪ್ಪನೂ ಅಣ್ಣನೂ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ತೋಟದ ಮೂಲೆಯ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಆ ವಾಸನೆ ಮನೆಯಿಂದ ಹೋಗಲು ವಾರಗಳೇ ಬೇಕಾದವು. ಅಮ್ಮ ಅಳುತ್ತಲೇ ಹುಳುಮನೆ ಸಾರಿಸಿದರು.

"ಯಾರೋ ಆಚೆ ಇರೋರು ಒಳಗೆ ಬಂದವ್ರೆ" ಎಂದಳು ಅಜ್ಜಿ. ಅವಳ ಕಣ್ಣು ಬಿದ್ದದ್ದು ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯಲು ಬರುತ್ತಿದ್ದ ಹೆಂಗಸಿನ ಮೇಲೆ. ಗಂಡ ಸತ್ತವಳು, ನಮ್ಮಲ್ಲಿ ಹತ್ತು ವರ್ಷದಿಂದ ದುಡಿಯುತ್ತಿದ್ದಳು. ಸೊಪ್ಪಿನ ಹೊರೆಯನ್ನು ಹುಳುಮನೆಯ ಬಾಗಿಲಲ್ಲಿ ಇಳಿಸಿ ಹೋಗುವುದಷ್ಟೇ ಅವಳ ಕೆಲಸ. ಅವಳು ದೇವರ ಮೇಲೆ ಆಣೆ ಹಾಕಿದಳು, ಮಕ್ಕಳ ಮೇಲೆ ಹಾಕಿದಳು. ಅಜ್ಜಿ ಕೇಳಲಿಲ್ಲ. ನಾಳೆಯಿಂದ ತೋಟಕ್ಕೆ ಕಾಲಿಡಬೇಡ ಎಂದುಬಿಟ್ಟಳು.

ನನ್ನ ಮೈ ಉರಿಯಿತು. ಧಾರಾವಾಹಿಯಲ್ಲಿ ಪ್ರತಿ ವಾರವೂ ಹೀಗೇ. ಬಡವರ ಮೇಲೆ ಮೊದಲು ಅಪವಾದ ಬರುತ್ತದೆ, ಪೋಸ್ಟ್‌ಮ್ಯಾನ್ ಬಂದು ಬಿಡಿಸುತ್ತಾನೆ. ನಾನು ನೋಟ್‌ಬುಕ್ ತೆಗೆದು ಕೂತೆ. ಆ ಹೆಂಗಸನ್ನು ಕಾಪಾಡಬೇಕು ಎಂಬುದು ನಿಜವಾಗಿಯೂ ನನ್ನ ಮನಸ್ಸಿನಲ್ಲಿತ್ತು. ಎಲ್ಲರ ಮುಂದೆ ಎದ್ದು ನಿಲ್ಲಬೇಕು ಎಂಬುದೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ನನ್ನನ್ನೇ ಕೇಳಿಕೊಳ್ಳಲು ಇವತ್ತಿಗೂ ನನಗೆ ಧೈರ್ಯವಿಲ್ಲ.

ಸಿಕ್ಕಿದ್ದು ಮೂರು ಸಂಗತಿ. ಗೆರೆಯ ದಿನದಿಂದ ಮೂರು ದಿನ ಅತ್ತಿಗೆ ದೇವರ ಕೋಣೆಗೆ ಹೋಗಿರಲಿಲ್ಲ. ಕತ್ತು ಹಿಡಿದಿದೆ, ಬಗ್ಗೋಕಾಗಲ್ಲ, ನೀನೇ ದೀಪ ಹಚ್ಚು ಎಂದು ನನ್ನ ಕೈಲಿ ಹಚ್ಚಿಸಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ, ಶುಕ್ರವಾರವೂ ಅಲ್ಲ ಹಬ್ಬವೂ ಅಲ್ಲ, ತಲೆಗೆ ನೀರು ಹಾಕಿಕೊಂಡಿದ್ದರು. ಮೂರನೆಯದು ಹುಲ್ಲಿನ ಮೆದೆಯ ಹಿಂದೆ, ಒಂದು ಹಳೆಯ ಗೋಣಿಯ ಕೆಳಗೆ ಒಣಹಾಕಿದ ಬಟ್ಟೆಯ ತುಂಡುಗಳು. ಅತ್ತಿಗೆಯ ಹಸಿರು ಸೀರೆಯನ್ನು ಹರಿದದ್ದು. ನಾನು ಅದನ್ನು ಮೂಸಿ ನೋಡಿದೆ, ಸೋಪಿನ ವಾಸನೆ ಇತ್ತು. ನನಗೆ ಆದದ್ದು ನಾಚಿಕೆಯಲ್ಲ, ಗೆದ್ದೆನೆಂಬ ಖುಷಿ.

ಮರುದಿನ ಸಾಯಂಕಾಲ ಸೊಪ್ಪು ಕೊಯ್ಯುವ ಹೆಂಗಸು ಅಪ್ಪನನ್ನು ಬೇಡಿಕೊಳ್ಳಲು ಬಂದು ಜಗುಲಿಯ ಕೆಳಗೆ ನಿಂತಿದ್ದಳು. ಅಜ್ಜಿ, ಅಪ್ಪ, ಅಣ್ಣ ನಡುಮನೆಯಲ್ಲಿದ್ದರು. ಅಮ್ಮ ಬಾಗಿಲ ಹತ್ತಿರ ಕೂತು ಎಡಗೈಯಲ್ಲಿ ಸಾರಿಗೆ ಸೊಪ್ಪು ಬಿಡಿಸುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಅತ್ತಿಗೆಯನ್ನೂ ಕರೆದು ತಂದೆ. "ಯಾಕೆ ಕಣೇ?" ಎಂದು ಅವರು ಕೈ ಒರೆಸಿಕೊಳ್ಳುತ್ತ ಬಂದರು. ನಾನು ಎಲ್ಲರ ನಡುವೆ ನಿಂತು, ಟೀವಿಯಲ್ಲಿ ಆ ಪೋಸ್ಟ್‌ಮ್ಯಾನ್ ನಿಲ್ಲುವ ಹಾಗೆಯೇ ಕೈ ಹಿಂದೆ ಕಟ್ಟಿಕೊಂಡು ಶುರು ಮಾಡಿದೆ.

ದೀಪದ ವಿಷಯ ಹೇಳಿದೆ. ತಲೆನೀರಿನ ವಿಷಯ ಹೇಳಿದೆ. ಅತ್ತಿಗೆ ಗೋಡೆಗೆ ಒರಗಿಕೊಂಡರು. ಆಗಲಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಟ್ಟೆಯ ವಿಷಯವನ್ನು, ಅಪ್ಪ ಅಣ್ಣನ ಮುಂದೆ, ಹೊರಗಿನವಳು ಕೇಳುವಂತೆ ಹೇಳಿಯೇ ಬಿಟ್ಟೆ. "ಆದ್ರಿಂದ ಹುಳುಮನೆಗೆ ಹೋಗಿದ್ದು ಅವಳಲ್ಲ, ಅತ್ತಿಗೆ" ಎಂದು ಮುಗಿಸಿದೆ. ಬೆರಳು ತೋರಿಸಿದೆನೋ ಇಲ್ಲವೋ ನೆನಪಿಲ್ಲ. ತೋರಿಸಿರಬೇಕು.

ಯಾರೂ ಚಪ್ಪಾಳೆ ತಟ್ಟಲಿಲ್ಲ ಎಂದು ಬರೆಯಬೇಕಾಗಿಲ್ಲ. ಅಪ್ಪ ಅತ್ತಿಗೆಯ ಕಡೆ ನೋಡದೆ ನನ್ನನ್ನೇ ನೋಡುತ್ತಿದ್ದರು. ಅಮ್ಮನ ಕೈ ಸೊಪ್ಪಿನ ಮೇಲೆ ನಿಂತುಹೋಗಿತ್ತು. ಹುಳುವಿನ ವಿಷಯಕ್ಕೆ ಅಜ್ಜಿ ಎಗರಾಡುತ್ತಾಳೆ ಎಂದು ನಾನು ಕಾದೆ. ಅಜ್ಜಿ ಹುಳುವಿನ ಮಾತೇ ಎತ್ತಲಿಲ್ಲ.

"ಹಂಗಾದ್ರೆ ಹೊಟ್ಟೇಲಿ ಏನೂ ಇಲ್ವಾ?" ಎಂದಳು.

"ಇಲ್ಲ ಅಜ್ಜಿ" ಎಂದರು ಅತ್ತಿಗೆ.

ನಾನು ಅಷ್ಟೆಲ್ಲ ಲೆಕ್ಕ ಹಾಕಿದವಳು ಇದೊಂದನ್ನು ಯೋಚಿಸಿರಲಿಲ್ಲ. ಹಾಲಿನ ಲೋಟ ಕಣ್ಣೆದುರೇ ಕೈಯಿಂದ ಕೈಗೆ ಹೋಗಿದ್ದನ್ನು ನೋಡಿದ್ದೆ, ಅದು ನೋಟ್‌ಬುಕ್ಕಿಗೆ ಬಂದಿರಲಿಲ್ಲ. ಅಜ್ಜಿ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣ ಸೈಕಲ್ ತೆಗೆದ. ನಾನು ಜಗುಲಿಗೆ ಓಡಿ ಬಂದೆ, ಒಬ್ಬರಾದರೂ ನನ್ನನ್ನು ಒಳ್ಳೆಯವಳು ಅನ್ನಲಿ ಎಂಬ ಆಸೆಯಿಂದ. ಸೊಪ್ಪು ಕೊಯ್ಯುವ ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

"ಯಾಕೆ ಹೇಳ್ದೆ ಅಮ್ಮಣ್ಣಿ?" ಎಂದಳು. "ನನ್ ಮೇಲೆ ಬಂದಿದ್ದು ನಾಕು ದಿನಕ್ಕೆ ಹೋಗ್ತಿತ್ತು. ಆ ಮಗೀಗೆ ಎಲ್ಲಿ ಹೋಗಕ್ಕೆ ಜಾಗ ಐತೆ?"

ಎರಡು ದಿನ ಬಿಟ್ಟು ಅಣ್ಣ ಅತ್ತಿಗೆಯನ್ನು ಕೋಲಾರದ ಬಸ್ಸು ಹತ್ತಿಸಿದ. ಅಲ್ಲಿಂದ ಶ್ರೀನಿವಾಸಪುರಕ್ಕೆ ಅವರೇ ಹೋಗಿಕೊಂಡರು. ಸ್ವಲ್ಪ ದಿನ ತೌರಿಗೆ ಅಂತ ಮಾತು. ಹೊರಡುವಾಗ ಅತ್ತಿಗೆ ನನ್ನ ಜಡೆ ಹಾಕಿಯೇ ಹೋದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಡೆ ಎಂದಿನಷ್ಟೇ ಬಿಗಿಯಾಗಿತ್ತು.

ಆ ಗುರುವಾರ ನಾನು ಟೀವಿ ನೋಡಲು ಹೋಗಲಿಲ್ಲ. ಮುಂದಿನ ಗುರುವಾರ ಹೋದೆ. ಸುಳ್ಳು ಹೇಳಿ ಏನು ಪ್ರಯೋಜನ, ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಆ ವಾರ ಒಂದು ಸರ ಹುಡುಕಿಕೊಟ್ಟ. ಕದ್ದ ಸೊಸೆ ತಲೆ ತಗ್ಗಿಸಿದಳು, ಹಾಡು ಬಂತು, ಹೆಸರುಗಳು ಬಂದವು, ಮುಗಿಯಿತು. ಮರುದಿನ ಆ ಮನೆಯಲ್ಲಿ ಯಾರು ಯಾರಿಗೆ ಊಟಕ್ಕೆ ಬಡಿಸಿದರು ಎಂದು ತೋರಿಸಲಿಲ್ಲ. ಅದುವರೆಗೆ ಒಂದು ಕಂತಿನಲ್ಲೂ ತೋರಿಸಿರಲಿಲ್ಲ, ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಅಪ್ಪ ಹೆದರಿದ್ದು ನಾನು ಕಳ್ಳರಿಂದ ಕಲಿಯುತ್ತೇನೆ ಎಂದು. ಮೇಡಂ ಹೇಳಿದ್ದು ಸೂಕ್ಷ್ಮ ನೋಡುವುದನ್ನು ಕಲಿಯುತ್ತೇನೆ ಎಂದು. ಪತ್ತೇದಾರನಿಂದ ಏನು ಕಲಿತೇನು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಹಾಗೆಂದು ತಪ್ಪನ್ನೆಲ್ಲ ಟೀವಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅದೇ ಚಾಪೆಯ ಮೇಲೆ ಅದೇ ಕಂತುಗಳನ್ನು ನೋಡಿ ಅತ್ತಿಗೆ "ಪಾಪ ಕಣೇ" ಎನ್ನುತ್ತಿದ್ದರು.

ತಿಂಗಳಾದ ಮೇಲೆ ರೇಷ್ಮೆ ಇಲಾಖೆಯಿಂದ ಒಬ್ಬರು ಬಂದರು. ಹುಳುಮನೆ, ತಟ್ಟೆ ಎಲ್ಲ ನೋಡಿ, ಟೇಕಲ್ಲಿನಿಂದ ತಂದ ತಟ್ಟೆಗಳನ್ನು ಪಕ್ಕಕ್ಕೆ ಎತ್ತಿಡಿಸಿದರು. ಆ ನೆಂಟರ ಮನೆಯಲ್ಲಿ ಹಿಂದಿನ ಸಲದ ಹುಳು ಹೀಗೇ ಕೆಟ್ಟಿತ್ತು. ಬೇರೆಯವರ ತಟ್ಟೆ ತಂದರೆ ಔಷಧಿ ಹೊಡೆದೇ ಬಳಸಬೇಕು ಎಂದು ಎಲ್ಲರಿಗೂ ಗೊತ್ತು. ಆ ಔಷಧಿಯ ಘಾಟು ಆಗುವುದಿಲ್ಲ, ಸಗಣಿ ನೀರಲ್ಲಿ ತೊಳೆದರೆ ಸಾಕು ಎಂದವಳು ಅಜ್ಜಿ. "ರೋಗ ಇದರಿಂದ್ಲೇ ಬಂದಿರೋದು. ಹೆಂಗಸ್ರು ಆಚೆ ಇರೋದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ಅವರು ಬಿಡಿಸಿ ಹೇಳಿದರು. ನನಗೆ ಜೀವ ಬಂದಂತಾಯಿತು. ಇನ್ನೇನು ಅತ್ತಿಗೆಯನ್ನು ಕರೆತರುತ್ತಾರೆ ಎಂದುಕೊಂಡೆ. ಸೊಪ್ಪು ಕೊಯ್ಯುವ ಹೆಂಗಸನ್ನು ಮರುದಿನವೇ ಕರೆಸಿದರು. ಅತ್ತಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಹುಳುವಿನ ಮಾತು ಮುಗಿದಿತ್ತು, ಅಜ್ಜಿಯ ಮನಸ್ಸಿನಲ್ಲಿದ್ದದ್ದು ಬೇರೆ.

ನಾನು ತಡೆಯಲಾರದೆ ಅಮ್ಮನ ಹತ್ತಿರ ಹೋದೆ. ಅಮ್ಮ ಬಾವಿಕಟ್ಟೆಯ ಮೇಲೆ ಪಾತ್ರೆ ತೊಳೆಯುತ್ತಿದ್ದರು, ಗಾಯ ಮಾಗಿತ್ತು. ಅತ್ತಿಗೆ ಗೊತ್ತಿದ್ದೂ ಯಾಕೆ ಹಾಗೆ ಒಳಗೆ ಹೋದರು ಎಂದು ಕೇಳಿದೆ. ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

"ನಾನೇ ಕಳ್ಸಿದ್ದು" ಎಂದರು. "ಬೆಳಿಗ್ಗೆ ಬಂದು ನಂಗೆ ಹೇಳಿದ್ಲು, ಆಚೆ ಆಗಿದೀನಿ ಅತ್ತೆ ಅಂತ. ನನ್ ಕೈ ನೋಡಿದ್ಯಲ್ಲ. ಯಾರ್ಗೂ ಹೇಳ್ಬೇಡ, ಸೊಪ್ಪು ಹಾಕ್ಬಿಡು ಹೋಗು ಅಂದೆ. ಇಪ್ಪತ್ತು ವರ್ಷದಿಂದ ಕೈ ಸಾಲ್ದಾಗೆಲ್ಲ ನಾನೂ ಹಂಗೇ ಮಾಡಿದೀನಿ. ಒಂದ್ ಸಲಾನೂ ಹುಳ ಕೆಟ್ಟಿಲ್ಲ. ನಿಮ್ಮಜ್ಜಿ ಹಾಲು ತಂದು ಕೊಡ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

"ಅವತ್ತು ಯಾಕಮ್ಮ ಹೇಳ್ಲಿಲ್ಲ?"

ಅಮ್ಮ ತಲೆ ಎತ್ತಲಿಲ್ಲ. "ಹೇಳಿದ್ರೆ, ಇಪ್ಪತ್ತು ವರ್ಷದಲ್ಲಿ ಈ ಮನೇಲಿ ಏನೇನು ಕೆಟ್ಟಿದೆಯೋ ಎಲ್ಲಾ ನನ್ ತಲೆ ಮೇಲೆ ಬರುತ್ತೆ ಕಣೇ. ನಿಮ್ ತಾತ ಹೋಗಿದ್ದೂ ಬರುತ್ತೆ. ನಿಮ್ಮಪ್ಪ ನನ್ನ ಮನೇಲಿ ಇಟ್ಕೋತಾರಾ?" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಯಾರಿಗೂ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡರು. ನನ್ನಮ್ಮ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಹೆದರಿದ್ದು ನನಗೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಅತ್ತಿಗೆಯ ತಂದೆ ಬಂದರು. ಜೊತೆಯಲ್ಲಿ ಅತ್ತಿಗೆಯೂ ಇದ್ದರು. ಸೊರಗಿದ್ದರು. ಮುಳಬಾಗಿಲಿನ ಕಡೆ ಅಣ್ಣನಿಗೆ ಒಂದು ಹುಡುಗಿ ನೋಡಿದ್ದಾರೆ ಎಂಬ ಸುದ್ದಿ ಅವರಿಗೆ ಹೇಗೋ ತಲುಪಿತ್ತು. ಅಪ್ಪ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದರು. ಅತ್ತಿಗೆಯ ತಂದೆ ಜಗಳಕ್ಕೆ ಬಂದವರಲ್ಲ. ಮಡಿಸಿದ ಟವಲನ್ನು ಮಂಡಿಯ ಮೇಲಿಟ್ಟುಕೊಂಡು ಮೆಲ್ಲಗೆ ಮಾತಾಡಿದರು. ಎರಡು ವರ್ಷಕ್ಕೆ ಮಕ್ಕಳಾಗಲಿಲ್ಲ ಅಂತ ಯಾರೂ ಬಿಡುವುದಿಲ್ಲ, ಅದಕ್ಕೆ ಕಾಯಬಹುದು ಎಂದರು. ಅಜ್ಜಿ, ಅದಕ್ಕಲ್ಲ, ಕದ್ದು ಮುಚ್ಚಿ ಮಾಡೋ ಹೆಣ್ಣು, ನನ್ನ ಕಣ್ಣಿಗೆ ಮಣ್ಣೆರಚಿ ಹಾಲು ಕುಡಿದವಳು, ಇಂಥವಳನ್ನು ನಂಬಿ ಮನೆ ಹೇಗೆ ಕೊಡಲಿ ಎಂದಳು.

"ನೀನಾಗೇ ಹೋದ್ಯಾ ಒಳಕ್ಕೆ? ಯಾರಾದ್ರೂ ಹೋಗು ಅಂದ್ರಾ?" ಎಂದು ತಂದೆ ಮಗಳನ್ನು ಕೇಳಿದರು.

ಅತ್ತಿಗೆ ಅಮ್ಮನ ಕಡೆ ನೋಡಲೇ ಇಲ್ಲ. "ನಾನೇ ಹೋದೆ ನಾಯನಾ" ಎಂದರು.

ಅಮ್ಮ ನನ್ನ ಪಕ್ಕದಲ್ಲಿ ಕೂತಿದ್ದರು. ಅವರ ಉಸಿರು ನನಗೆ ಕೇಳಿಸುತ್ತಿತ್ತು. ಅಣ್ಣ ನೆಲ ನೋಡುತ್ತಿದ್ದ. ಆಗ ಆ ದೊಡ್ಡವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಏನೋ ಒಂದು ಆಸೆ ಇತ್ತು.

"ನೀನೇ ಅಂತಲ್ಲಮ್ಮ ಎಲ್ಲಾ ಕಂಡುಹಿಡಿದಿದ್ದು. ಓದೋ ಹುಡ್ಗಿ, ಜಾಣೆ ಅಂತ ನಮ್ಮ ಮಗಳು ಯಾವಾಗ್ಲೂ ಹೇಳ್ತಿರ್ತಾಳೆ. ಇನ್ನೇನಾದ್ರೂ ಗೊತ್ತಿದ್ರೆ ಹೇಳು ತಲ್ಲಿ. ಇವಳು ಏನೋ ಮುಚ್ಚಿಡ್ತಾವಳೆ ಅನ್ಸುತ್ತೆ ನಂಗೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅತ್ತಿಗೆಯೂ. ನನಗೆ ಎಲ್ಲ ಗೊತ್ತಿತ್ತು. ಒಂದೇ ಮಾತು ಸಾಕಾಗಿತ್ತು.

"ಇಲ್ಲ" ಎಂದೆ. "ನಂಗೇನೂ ಗೊತ್ತಿಲ್ಲ."

ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದು, "ಆಗ್ಲಮ್ಮಾ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಮಗಳ ಟ್ರಂಕನ್ನು ಅವರೇ ಹೊತ್ತುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು, ಅತ್ತಿಗೆ ಅವರ ಹಿಂದೆ ಹೋದರು.